ಎಲ್ಲರ ಹಿಂದೆ ಬಾಲಕ್ಕ

ಬೆಳಗಿನ ಐದೂಮುಕ್ಕಾಲು. ಶಾಲೆಯ ಮೈದಾನದಲ್ಲಿ ಹನ್ನೊಂದು ಮಕ್ಕಳು ಓಡುತ್ತಿದ್ದಾರೆ. ಓಟ ಎನ್ನುವುದು ನನ್ನ ಔದಾರ್ಯ. ಅರ್ಧ ಜನ ನಡೆಯುತ್ತಿದ್ದಾರೆ, ಇಬ್ಬರು ಹರಟುತ್ತಿದ್ದಾರೆ, ಒಬ್ಬ ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಾನೆ. ಅವರೆಲ್ಲರ ಹಿಂದೆ, ಒಂದೇ ಅಳತೆಯ ಹೆಜ್ಜೆ ಹಾಕುತ್ತಾ ಬರುತ್ತಿರುವ ಉದ್ದ ಕಾಲಿನ ಹುಡುಗಿಯೇ ಬಾಲಕ್ಕ. ಹತ್ತನೇ ತರಗತಿ. ಮನೆಯಲ್ಲಿಟ್ಟ ಹೆಸರು ಬೇರೆ. ಸದಾ ಸಾಲಿನ ಬಾಲದಲ್ಲೇ ಓಡುತ್ತಾಳೆಂದು ಮಕ್ಕಳು ಇಟ್ಟ ಹೆಸರಿದು, ಈಗ ಕರೆದರೆ ಅವಳು ತಿರುಗಿ ನೋಡುವುದೂ ಈ ಹೆಸರಿಗೇ.

ಹಿಂದೆ ಓಡುವುದು ಅವಳ ಕೆಲಸ. ಸಂಬಳವಿಲ್ಲ, ಪದಕವಿಲ್ಲ, ಶಾಲೆಯ ಯಾವ ಫಲಕದಲ್ಲೂ ಹೆಸರಿಲ್ಲ. ಆಟದ ಪೀರಿಯಡ್ ಬಂತೆಂದರೆ ಹೊಟ್ಟೆನೋವು ಬರಿಸಿಕೊಳ್ಳುವ ಮಕ್ಕಳನ್ನು ಪತ್ತೆ ಹಚ್ಚಿ, ಯಾರೂ ನೋಡದ ಹೊತ್ತಿನಲ್ಲಿ ಮೈದಾನಕ್ಕೆ ಕರೆತರುತ್ತಾಳೆ. ಅವಳ ಗೆಳತಿ ಅವರಿಗೆ ಬಟ್ಟೆಚೆಂಡು ಹಿಡಿಯಲು ಕಲಿಸುತ್ತಾಳೆ. ಓಟ ಬಾಲಕ್ಕನ ಪಾಲಿಗೆ. ವಾರಕ್ಕೆ ಐದು ಬೆಳಗು, ದಿನಕ್ಕೆ ನಾಲ್ಕು ಸುತ್ತು. ಎರಡು ವರ್ಷದಲ್ಲಿ ಬಂದವರು ಇಪ್ಪತ್ತಾರು, ಬಿಟ್ಟುಹೋದವರು ಒಂಬತ್ತು. ಆ ಒಂಬತ್ತು ಹೆಸರೂ ಅವಳಿಗೆ ಬಾಯಿಪಾಠ. ನನ್ನ ಕಾಲದ ಆಟದ ಪೀರಿಯಡ್‌ಗಳನ್ನೆಲ್ಲ ನೀರಿನ ಟ್ಯಾಂಕಿನ ಹಿಂದೆ ಕಳೆದು, ಈಗ ಇವಳ ಬಗ್ಗೆ ಬರೆಯಲು ಬಂದಿರುವ ನನಗೆ ಇಂಥವಳೊಬ್ಬಳು ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಅವಳ ನಿಯಮ ಒಂದೇ: ಯಾರೂ ತನ್ನ ಹಿಂದೆ ಬರಬಾರದು.

"ಆರನೇ ಕ್ಲಾಸಲ್ಲಿ ನಾನು ದಪ್ಪಗಿದ್ದೆ" ಎನ್ನುತ್ತಾಳೆ. "ಎಲ್ಲರೂ ಓಡಿ ಮುಗಿಸಿ, ನೀರು ಕುಡಿದು ಕೂತಿದ್ರು. ನಾನೊಬ್ಬಳೇ ಇನ್ನೂ ಓಡ್ತಿದ್ದೆ. ಆಗ ಶುರು ಮಾಡಿದ್ರು ನೋಡಿ, ಚಪ್ಪಾಳೆ. ಬೈದಿದ್ರೆ ತಡ್ಕೋತಿದ್ದೆ. ಅಯ್ಯೋ ಪಾಪ ಅಂತ ಹೊಡೀತಾರಲ್ಲ, ಆ ಚಪ್ಪಾಳೆ ಮನೆವರೆಗೂ ಬೆನ್ನು ಬಿಡಲ್ಲ."

ಆಮೇಲೆ ಒಂದು ವರ್ಷ ಅವಳು ಮೈದಾನಕ್ಕೆ ಕಾಲಿಡಲಿಲ್ಲ. ಓಟ ಕಲಿತದ್ದು ಬಸ್‌ ಸ್ಟಾಪಿನ ದಾರಿಯಲ್ಲಿ. ಅಮ್ಮನಿಗೆ ಬಟ್ಟೆ ಕಾರ್ಖಾನೆಯಲ್ಲಿ ಮೊದಲ ಪಾಳಿ, ದಿನವೂ ಕೊನೇ ಗಳಿಗೆಯ ಗಡಿಬಿಡಿ. ಅಮ್ಮನ ಊಟದ ಡಬ್ಬಿ ಹಿಡಿದುಕೊಂಡು ಇವಳು ಹಿಂದೆ ಓಡುತ್ತಿದ್ದಳು. "ಅಮ್ಮ ತಿರುಗಿ ನೋಡ್ತಿರಲಿಲ್ಲ. ಯಾರೂ ನೋಡ್ತಿಲ್ಲ ಅಂದ್ರೆ ಕಾಲು ತಾನಾಗೇ ಓಡುತ್ತೆ." ಎರಡು ಕೋಣೆಯ ಅವರ ಮನೆಯ ಕಿಟಕಿಯಲ್ಲಿ ಒಣಗುವುದು ಒಂದೇ ಜೊತೆ ಷೂ, ಬಲಗಾಲಿನದು ಬಾಯಿ ಬಿಟ್ಟಿದೆ. ಬೇಕೆಂದೇ ನಿಧಾನ ಓಡಿ ಓಡಿ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. "ಮನಸ್ಸಿಟ್ಟು ಓಡಿದ್ರೆ ಈ ಶಾಲೇಲಿ ಇವಳನ್ನ ಹಿಡಿಯೋರಿಲ್ಲ" ಎಂದು ಪಿ.ಟಿ. ಮೇಷ್ಟ್ರು ಗೊಣಗುತ್ತಾರೆ. "ಹೇಳಿ ಹೇಳಿ ನನ್ನ ಬಾಯೇ ನೋಯ್ತು."

ಇವತ್ತು ಬಾಲಕ್ಕನ ಮುಖ ಬಿಗಿದುಕೊಂಡಿದೆ. ಹತ್ತು ಗಂಟೆಗೆ ಇಡೀ ಶಾಲೆಯ ಎದುರು ಏಳನೇ ತರಗತಿಯ ಓಟದ ಪರೀಕ್ಷೆ. ಅದರಲ್ಲಿ ಓಡಬೇಕಾದ ಒಬ್ಬಳು ಈ ಮುಂಜಾನೆಯ ಗುಂಪಿನವಳು. ಗಟ್ಟಿಯಾಗಿ ಮಾತಾಡದವಳಾದ್ದರಿಂದ ಎಲ್ಲರಿಗೂ ಅವಳು ಪಿಸು.

"ಅಕ್ಕಾ, ಕೊನೇಲಿ ಬಂದ್ರೆ ನಾನು ಇನ್ನು ಬರಲ್ಲ" ಎನ್ನುತ್ತಾಳೆ ಪಿಸು.

"ನೀನು ಕೊನೇಲಿ ಬರಲ್ಲ. ಆ ಜಾಗ ನಂದು."

ಬಾಲಕ್ಕ ಅವಳ ಜೊತೆಗೆ ಓಡಲು ಮೇಷ್ಟ್ರು ಒಪ್ಪಿದ್ದಾರೆ. ಆದರೆ ಬಿಸಿಲಲ್ಲಿ ಆರುನೂರು ಕಣ್ಣುಗಳ ಎದುರಿನ ಓಟ ಬೇರೆಯೇ. ಪಿಸುವಿನ ಮೂರನೇ ಸುತ್ತು ಮುಗಿಯುವ ಹೊತ್ತಿಗೆ ಉಳಿದವರೆಲ್ಲ ನಾಲ್ಕೂ ಸುತ್ತು ಮುಗಿಸಿ, ಗೆರೆ ದಾಟಿ ನೆರಳಿಗೆ ಹೋಗಿದ್ದಾರೆ. ಮೈದಾನದಲ್ಲಿ ಇರುವುದು ಇಬ್ಬರೇ. ನಾಲ್ಕನೇ ಸುತ್ತಿನ ಆಚೆ ತಿರುವಿನಲ್ಲಿ ಪಿಸು ನಿಂತುಬಿಡುತ್ತಾಳೆ, ಮಂಡಿಗೆ ಕೈಯೂರಿ ಬಗ್ಗುತ್ತಾಳೆ. ಗದ್ದಲ ಅಡಗುತ್ತದೆ. ಕಟ್ಟೆಯ ಮೇಲೆ ಕೂತವರ ಕೈಗಳು ತೊಡೆ ಬಿಟ್ಟು ಮೇಲೇಳುವುದು ನನಗೆ ಕಾಣುತ್ತದೆ. ಯಾರಾದರೂ ಒಬ್ಬರು ಶುರುಮಾಡಿದರೆ ಮುಗಿಯಿತು, ಬಿಟ್ಟುಹೋದವರು ಹತ್ತಾಗುತ್ತಾರೆ.

ಬಾಲಕ್ಕ 'ಓಡು' ಎನ್ನುವುದಿಲ್ಲ. ಪಿಸುವಿನ ಹಿಂದೆ ನೆಲಕ್ಕೆ ಕುಕ್ಕರಿಸಿ ಮೀನಖಂಡ ಹಿಡಿದುಕೊಳ್ಳುತ್ತಾಳೆ. ಏನೋ ಹೇಳುತ್ತಾಳೆ. ಏನೆಂದು ಆಮೇಲೆ ಪಿಸುವೇ ನನಗೆ ತಿಳಿಸಿದಳು: "ಕಾಲು ಹಿಡ್ಕೊಂಡಿದೆ ಕಣೇ. ನೀನು ಮುಂದೆ ಹೋಗ್ತಿರು, ನಿನ್ನ ನೋಡ್ಕೊಂಡು ನಾನು ಬರ್ತೀನಿ."

ಪಿಸು ಅವಳ ಕೈಹಿಡಿದು ಎಬ್ಬಿಸುತ್ತಾಳೆ. ಎರಡು ಸಲ ತಿರುಗಿ ನೋಡುತ್ತಾಳೆ. ಆಮೇಲೆ ಓಡುತ್ತಾಳೆ, ಹಿಂದಿನವರಿಗೆ ದಾರಿ ತೋರಿಸುವ ಜವಾಬ್ದಾರಿ ಬಿದ್ದವಳ ಹಾಗೆ. ಗೆರೆ ದಾಟುತ್ತಾಳೆ. ಹತ್ತು ಹೆಜ್ಜೆ ಹಿಂದೆ ಹತ್ತನೇ ತರಗತಿಯ ಹುಡುಗಿ ಕುಂಟುತ್ತಾ ಬರುತ್ತಿದ್ದಾಳೆ. ಆಗ ಏಳುತ್ತದೆ ಚಪ್ಪಾಳೆ, ಇಡೀ ಶಾಲೆಯದು, ಅದೇ ಅಯ್ಯೋ ಪಾಪದ್ದು.

ಕಾಲು ನಿಜವಾಗಿಯೂ ಹಿಡಿದಿತ್ತೇ ಎಂದು ನಾನು ಕೇಳುವುದಿಲ್ಲ. ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದವಳನ್ನು ಇಷ್ಟೇ ಕೇಳುತ್ತೇನೆ: "ಚಪ್ಪಾಳೆ ಚುಚ್ಚಿತಾ?"

"ಚುಚ್ಚದೇ ಇರುತ್ತಾ?" ಲಂಗದ ಅಂಚಿನಲ್ಲಿ ಮುಖ ಒರೆಸಿಕೊಳ್ಳುತ್ತಾಳೆ. ಆಮೇಲೆ ಮೆಲ್ಲಗೆ ನಗುತ್ತಾಳೆ. "ಪಿಸುನೂ ಹೊಡೆದ್ಲು, ನೋಡಿದ್ರಾ? ಎಲ್ಲರಿಗಿಂತ ಜೋರಾಗಿ. ಇಷ್ಟು ದಿನ ಎಲ್ಲರೂ ಅವಳನ್ನ ನೋಡಿ ಪಾಪ ಅಂತಿದ್ರು. ಇವತ್ತು ಮೊದಲ ಸಲ, ಮೈದಾನದಲ್ಲಿ ನಿಂತು, ಅವಳು ಇನ್ನೊಬ್ಬರನ್ನ ನೋಡಿ ಪಾಪ ಅಂದ್ಲು."