ಊರು ಹೇಳಿದರೂ ಸಿಗದ ಹಣಮಂತಪ್ಪ

“ಅವತ್ತು ಸರ್ವರ್ ಸ್ಲೋ ಇತ್ತು. ಪಾಪ, ಯಾರೇನು ಮಾಡೋಕಾಗುತ್ತೆ?”

ನಮ್ಮ ಆಫೀಸಿನಲ್ಲಿ ಈಗ ಓಡಾಡುತ್ತಿರುವ ಕಥೆ ಇದು. ಲಿಫ್ಟಿನಲ್ಲಿ ಇದೇ, ಕ್ಯಾಂಟೀನಿನಲ್ಲಿ ಇದೇ. ಮೇಲಿನವರಿಗೆ ಕಳಿಸಿದ ವರದಿಯಲ್ಲೂ ಇದೇ, ಸ್ವಲ್ಪ ಚಂದದ ಇಂಗ್ಲಿಷಿನಲ್ಲಿ.

ನಾನು ಒಪ್ಪುವುದಿಲ್ಲ. ಸರ್ವರ್ ಸ್ಲೋ ಇರಲಿಲ್ಲ. ನಾವು ಏನು ಹೇಳಿಕೊಟ್ಟಿದ್ದೆವೋ ಅದನ್ನೇ ಮಾಡಿತು. (ಕಾಲೇಜು ಡಿಬೇಟಿನಲ್ಲಿ ಕಪ್ ಗೆದ್ದವಳ ಹಟ ಅಂತೀರಾ? ಅನ್ನಿ. ಮೊದಲು ಪೂರ್ತಿ ಕೇಳಿ.)

ನಾನು ಕೆಲಸ ಮಾಡುವುದು ಗೋರೆಗಾಂವಿನ ಒಂದು ಕಂಪನಿಯಲ್ಲಿ. ದೊಡ್ಡ ಬಿಲ್ಡಿಂಗುಗಳ ನೀರು, ಲಿಫ್ಟು, ಕಸ, ಕಾವಲು ನೋಡಿಕೊಳ್ಳುವ ಕಂಪನಿ. ಅಲ್ಲಿ ದುಡಿಯುವ ಅಷ್ಟೂ ಜನರ ವಿವರ ಒಂದು ಡೈರೆಕ್ಟರಿಯಲ್ಲಿದೆ. ಹೆಸರು, ನಂಬರ್, ಇಮೇಲ್, ಮೊಬೈಲ್, ಊರು, ಡ್ಯೂಟಿ ಎಲ್ಲಿ, ಎಲ್ಲ. ಅದನ್ನು ಸಾಕುವುದು ನಮ್ಮ ತಂಡದ ಕೆಲಸ.

ಮೊನ್ನೆ ಮಂಗಳವಾರ ಬೆಳಿಗ್ಗೆ ನೀಲವ್ವ ಎಂಬುವರು ನಮ್ಮ ರಿಸೆಪ್ಷನ್ನಿಗೆ ಬಂದರು. ಇರುವುದು ಕುರ್ಲಾ, ಊರು ಬಾಗಲಕೋಟೆ ಕಡೆ. ಗಂಡ ಹಣಮಂತಪ್ಪ ಹಿಂದಿನ ಸಂಜೆ ಕೆಲಸ ಮುಗಿಸಿ ಮನೆಗೆ ಬಂದಿರಲಿಲ್ಲ. ಯಾವ ಬಿಲ್ಡಿಂಗಿನಲ್ಲಿ ಡ್ಯೂಟಿ ಅಂತ ಇವರಿಗೆ ಗೊತ್ತಿಲ್ಲ, ಅದು ಬದಲಾಗುತ್ತಲೇ ಇರುತ್ತಿತ್ತಂತೆ. ಕಂಪನಿಯ ಹೆಸರು ಗೊತ್ತಿತ್ತು. ಬಂದರು.

ರಿಸೆಪ್ಷನ್ನಿನ ಪ್ರಾಜಕ್ತಾ ಎಂಪ್ಲಾಯಿ ನಂಬರ್ ಕೇಳಿದಳು. ಗೊತ್ತಿಲ್ಲ. ಇಮೇಲ್? (ಹಣಮಂತಪ್ಪನವರಂಥ ಗುತ್ತಿಗೆಯವರಿಗೆ ನಾವು ಇಮೇಲ್ ಕೊಡುವುದೇ ಇಲ್ಲ.) ಹೆಸರು ಹಾಕಿ ನೋಡಿದಳು, ಸಿಗಲಿಲ್ಲ. ನಮ್ಮಲ್ಲಿ ಗುತ್ತಿಗೆಯವರ ಹೆಸರು ಶುರುವಾಗುವುದು ಗುತ್ತಿಗೆದಾರನ ಹೆಸರಿನಿಂದ. ಮೊದಲು ಅವನು, ಆಮೇಲೆ ಮನುಷ್ಯ. ಆ ಗುತ್ತಿಗೆದಾರ ಯಾರು ಅಂತ ನೀಲವ್ವನಿಗೆ ಹೇಗೆ ಗೊತ್ತಿರಬೇಕು?

ಅವರಿಗೆ ಗೊತ್ತಿದ್ದದ್ದು ಎರಡು. ಬಾಯಿಪಾಠವಾಗಿದ್ದ ಗಂಡನ ಮೊಬೈಲ್ ನಂಬರು, ಮತ್ತು ಊರು.

ನಮ್ಮ ಜನ ಮುಂಬೈಯಲ್ಲಿ ಒಬ್ಬರನ್ನೊಬ್ಬರು ಹುಡುಕುವುದೇ ಹಾಗಲ್ಲವೇ? ಲೋಕಲ್ ರೈಲಿನ ಗದ್ದಲದಲ್ಲಿ ಎಲ್ಲೋ ಕನ್ನಡ ಕಿವಿಗೆ ಬಿತ್ತು ಅನ್ನಿ. ಮೊದಲ ಪ್ರಶ್ನೆ ಏನು? ‘ಊರು ಯಾವುದು?’ ಹೆಸರು ಕೇಳುವುದು ದಾದರ್ ದಾಟಿದ ಮೇಲೆ.

ಪ್ರಾಜಕ್ತಾ ನಂಬರ್ ಹಾಕಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ನಿಂತಿತು. ‘ದಾಖಲೆ ಇಲ್ಲ.’ ಊರು ಹಾಕಿದಳು. ಚಕ್ರ, ಮತ್ತೆ ಅದೇ. ಅಂಥವರು ಯಾರೂ ಇಲ್ಲಿ ಕೆಲಸ ಮಾಡುವುದಿಲ್ಲ ಅಂತ ಹಿಂದಿಯಲ್ಲಿ ಹೇಳಿ, ಕೂರಿಸಿ ನೀರು ಕೊಟ್ಟು ಕಳಿಸಿದಳು. ಕೆಟ್ಟ ಹುಡುಗಿಯಲ್ಲ. ಪರದೆಯಲ್ಲಿ ಇದ್ದದ್ದನ್ನು ಓದಿದಳು, ಅಷ್ಟೇ.

ಈಗ ನನ್ನ ವಾದ. ಒಂದು ಚಾಳಿನಲ್ಲಿ, ಅಂದರೆ ಸಾಲು ಸಾಲು ಬಾಡಿಗೆ ಕೋಣೆಗಳ ಕಟ್ಟಡದಲ್ಲಿ, ಯಾರನ್ನೋ ಹುಡುಕಬೇಕು. ಒಂದೋ, ಒಂದೊಂದೇ ಖೋಲಿಯ ಬಾಗಿಲು ಬಡಿಯುತ್ತಾ ಕೊನೆಯ ಮಾಳಿಗೆಯವರೆಗೆ ಹತ್ತಬೇಕು. ಇಲ್ಲವೇ ಕೆಳಗಿನ ಪಾನ್ ಅಂಗಡಿಯವನನ್ನು ಕೇಳಬೇಕು. ‘ಬಾಗಲಕೋಟೆ ಕಡೆಯವರಾ? ಎರಡನೇ ಮಾಳಿಗೆ, ನಲ್ಲಿ ಪಕ್ಕ.’ ಮುಗಿಯಿತು. ಈ ಪಾನ್ ಅಂಗಡಿಯವನಿಗೆ ನಮ್ಮ ಭಾಷೆಯಲ್ಲಿ ಇಂಡೆಕ್ಸ್ ಅನ್ನುತ್ತಾರೆ. ಯಾವ ವಿವರಕ್ಕೆ ಇಂಡೆಕ್ಸ್ ಇದೆಯೋ ಅದನ್ನು ಕೇಳಿದರೆ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ. ಇಲ್ಲದ್ದನ್ನು ಕೇಳಿದರೆ ಡೈರೆಕ್ಟರಿ ಪ್ರತಿ ಬಾಗಿಲನ್ನೂ ಬಡಿಯುತ್ತದೆ.

ಬಡಿಯಲಿ ಬಿಡಿ, ತಡವಾಗಿಯಾದರೂ ಸಿಗುತ್ತಿತ್ತು. ಆದರೆ ನಾವು ಇನ್ನೊಂದು ನಿಯಮ ಹಾಕಿದ್ದೇವೆ. ಇಂತಿಷ್ಟು ಹೊತ್ತು ಬಡಿ, ಆಮೇಲೆ ಬಿಟ್ಟು ಬಾ. ಅದು ಬಿಟ್ಟು ಬಂತು. ಬಿಟ್ಟು ಬಂದದ್ದನ್ನು ಪರದೆ ಹೇಳಬೇಕಿತ್ತು. ಹೇಳಿದ್ದೇನು? ‘ಇಲ್ಲ.’

ಹುಡುಕಿ ಸುಸ್ತಾದೆ ಅನ್ನುವುದೂ ಇಲ್ಲ ಅನ್ನುವುದೂ ಒಂದೇ ಏನು?

ನಮ್ಮಲ್ಲಿ ಇಂಡೆಕ್ಸ್ ಇರುವುದು ಎಂಪ್ಲಾಯಿ ನಂಬರಿಗೆ, ಇಮೇಲಿಗೆ ಮತ್ತು ಹೆಸರಿನ ಮೊದಲ ಅಕ್ಷರಗಳಿಗೆ. ಮೊಬೈಲ್ ಮತ್ತು ಊರನ್ನೂ ಸೇರಿಸೋಣ ಅಂತ ಮಳೆಗಾಲಕ್ಕೆ ಮುಂಚೆಯೇ ಮೀಟಿಂಗಿನಲ್ಲಿ ಜಗಳ ಆಡಿದ್ದೆ. ನಮ್ಮ ತಂಡದ ಮುಖ್ಯಸ್ಥರು ಶೆಟ್ರು. “ಇಂಡೆಕ್ಸ್ ಏನು ಪುಕ್ಕಟೆ ಬರ್ತದಾ ಮಾರಾಯ್ತಿ?” ಅಂದರು. ಎದುರಾಳಿಯ ವಾದವನ್ನು ಅದರ ಪೂರ್ತಿ ಬಲದಲ್ಲೇ ಹೇಳಬೇಕು, ಡಿಬೇಟಿನ ಮರ್ಯಾದೆ ಅದು. ಹಾಗಾಗಿ ಹೇಳುತ್ತೇನೆ: ಶೆಟ್ರ ಮಾತು ನಿಜ. ಹೊಸ ಬಾಡಿಗೆದಾರ ಬಂದಾಗಲೆಲ್ಲ ಪಾನ್ ಅಂಗಡಿಯವನೂ ಹೊಸದಾಗಿ ಕಲಿಯಬೇಕು. ಜಾಗ ಬೇಕು, ಬರೆಯುವ ಕೆಲಸ ನಿಧಾನವಾಗುತ್ತದೆ. ಆದರೆ ಡೈರೆಕ್ಟರಿಯಲ್ಲಿ ಬರೆಯುವುದು ಅಪರೂಪ, ಹುಡುಕುವುದು ದಿನವಿಡೀ. ಅದನ್ನೂ ಹೇಳಿದೆ. ಊರು ಹಾಕಿ ಯಾರು ಹುಡುಕ್ತಾರೆ ಅಂತ ಶೆಟ್ರು ನಕ್ಕರು. ನಾನು ಸೋತೆ.

(ಶೆಟ್ರು ಒಳ್ಳೆಯವರೇ. ಟೀಮ್ ಲಂಚಿಗೆ ಹೋದಾಗಲೆಲ್ಲ ಅವರ ಅಪ್ಪನ ಕಥೆ ಹೇಳುತ್ತಾರೆ. ಅಪ್ಪ ಚಿಕ್ಕ ವಯಸ್ಸಿನಲ್ಲಿ ಅಣ್ಣನನ್ನು ಹುಡುಕಿಕೊಂಡು ಮುಂಬೈಗೆ ಬಂದವರು. ವಿಳಾಸ ಇಲ್ಲ. ಬೈಕುಲ್ಲಾದ ಒಂದು ಹೋಟೆಲಿನ ಗಲ್ಲಾದ ಮುಂದೆ ನಿಂತರು. ಗಲ್ಲಾದಲ್ಲಿದ್ದವರು ಊರು ಯಾವುದು ಕೇಳಿದರು. ಕಾರ್ಕಳ ಕಡೆ ಅಂದದ್ದೇ ತಡ, ಮಧ್ಯಾಹ್ನದ ಊಟಕ್ಕೆ ಅಣ್ಣ ಎದುರಿಗಿದ್ದ.)

ಬುಧವಾರ ನೀಲವ್ವ ಮತ್ತೆ ಬಂದರು. ಚೀಲದಿಂದ ಒಗೆದು ಮಡಚಿದ ಒಂದು ಅಂಗಿ ತೆಗೆದು ಕೌಂಟರಿನ ಮೇಲೆ ಹರಡಿದರು. ಜೇಬಿನ ಮೇಲೆ ನಮ್ಮ ಕಂಪನಿಯ ಹೆಸರು. ಪ್ರಾಜಕ್ತಾ ಗಾಬರಿಯಾಗಿ, ಕನ್ನಡ ಬರುತ್ತದೆ ಅಂತ ನನ್ನನ್ನು ಕರೆದಳು.

ನನ್ನ ಕಂಪ್ಯೂಟರಿಗೆ ಹೊತ್ತಿನ ಮಿತಿ ಇಲ್ಲ. ಊರು ಹಾಕಿದೆ. ಒಂದು ಚಾ ಕುಡಿಯುವಷ್ಟು ಹೊತ್ತು ಬಾಗಿಲು ಬಡಿದು, ತಂದುಕೊಟ್ಟಿತು. ಹಣಮಂತಪ್ಪ. ಬೈಕುಲ್ಲಾದ ಒಂದು ಬಿಲ್ಡಿಂಗಿನ ಪಂಪ್ ರೂಮು. ಆ ಬಿಲ್ಡಿಂಗಿನ ಸೂಪರ್‌ವೈಸರಿಗೆ ಫೋನ್ ಮಾಡಿದೆ. ಸೋಮವಾರ ಸಂಜೆಯೇ ಪಂಪ್ ರೂಮಿನಲ್ಲಿ ಕುಸಿದು ಬಿದ್ದಿದ್ದರು, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದಾರೆ. ಮನೆಯವರಿಗೆ ಹೇಳಲಿಲ್ಲವೇ? ತುರ್ತು ನಂಬರಿಗೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ ಮೇಡಂ, ಅಂದ.

ಆ ನಂಬರು ಹಣಮಂತಪ್ಪನವರದೇ. ಮನೆಗೆ ಇದ್ದದ್ದು ಒಂದೇ ಫೋನು, ಇನ್ಯಾವ ನಂಬರು ಬರೆಸಬೇಕಿತ್ತು? ಅದು ಅವರ ಲಾಕರಿನಲ್ಲಿತ್ತು. ಬೈಕುಲ್ಲಾದಿಂದ ಸೂಪರ್‌ವೈಸರು, ಕುರ್ಲಾದಿಂದ ಪಕ್ಕದ ಮನೆಯವರ ಫೋನಿನಲ್ಲಿ ನೀಲವ್ವ. ಇಬ್ಬರೂ ಬೀಗ ಹಾಕಿದ ಒಂದೇ ಲಾಕರಿಗೆ ಫೋನ್ ಮಾಡುತ್ತಿದ್ದರು.

ನಾನೂ ಅವರ ಜೊತೆ ಹೊರಟೆ. ಲೋಕಲಿನ ಲೇಡೀಸ್ ಬೋಗಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ನೀಲವ್ವನ ಮುಖ ಹಗುರವಾಗಿತ್ತು. ಆಸ್ಪತ್ರೆ ಅಂದ ಮೇಲೂ ಹಗುರ. ನನಗೆ ಅರ್ಥವಾಗಲಿಲ್ಲ. ಅಂಧೇರಿ ದಾಟಿದ ಮೇಲೆ ಅವರೇ ಹೇಳಿದರು.

“ನಿನ್ನಿ ರಾತ್ರಿ ಪೂರಾ ಅವರಿಗೆ ಬೈದೀನ್ರಿ ಅಕ್ಕಾರ. ಇಷ್ಟ ವರ್ಷ ಕಂಪನಿ ಕಂಪನಿ ಅಂತ ಸುಳ್ಳ ಹೇಳ್ಯಾನ, ಯಾರ ಮನ್ಯಾಗ ಅದಾನೋ ಅಂತ. ಕಂಪ್ಯೂಟರನ್ಯಾಗ ಇಲ್ಲ ಅಂದ್ರಲ್ರಿ. ಮುಂಜಾನೆ ಎದ್ದ ನೋಡಿದ್ರ ಹಗ್ಗದ ಮ್ಯಾಲ ಈ ಅಂಗಿ. ಅಂಗಿ ಸುಳ್ಳ ಹೇಳಾಂಗಿಲ್ಲಲ್ರಿ.” ಚೀಲವನ್ನು ಮಡಿಲಿಗೆ ಎಳೆದುಕೊಂಡು, “ಅವರು ಸುಳ್ಳ ಹೇಳಿಲ್ಲ. ಅಷ್ಟ ಸಾಕ್ರಿ ನನಗ.”

ದಾದರ್‌ನಲ್ಲಿ ಗಾಡಿ ಬದಲಿಸಿ ಬೈಕುಲ್ಲಾ ತಲುಪಿದೆವು. ವಾರ್ಡಿನಲ್ಲಿ ಹೆಸರು ಹೇಳಿದೆ. ನರ್ಸು ನಮ್ಮಿಬ್ಬರನ್ನೂ ಕೂರಲು ಹೇಳಿದರು. ಕೂರಲು ಹೇಳಿದಾಗಲೇ ನನಗೆ ಗೊತ್ತಾಯಿತು.

ಬೆಳಗಿನ ಜಾವ ಹೋಗಿದ್ದರು. ಮಂಗಳವಾರ ದಿನವಿಡೀ ಎಚ್ಚರ ಇತ್ತಂತೆ. ಮಾತು ಹೋಗಿತ್ತು. ಯಾರಾದರೂ ಒಳಗೆ ಬಂದರೆ ಬಾಗಿಲ ಕಡೆ ನೋಡುತ್ತಿದ್ದರಂತೆ.

ನೀಲವ್ವ ಅಂಗಿಯನ್ನು ನರ್ಸಿಗೆ ಕೊಟ್ಟರು. ಒಗೆದದ್ದಿದೆ, ಇದನ್ನೇ ಹಾಕಿ ಅಂದರು. ನಾನು ಕನ್ನಡದಿಂದ ಹಿಂದಿಗೆ ಮಾಡಿ ಹೇಳಿದೆ. ಆ ದಿನ ನನ್ನಿಂದಾದ ಉಪಕಾರ ಅಷ್ಟೇ.

ಊರಿಗೆ ಇಂಡೆಕ್ಸ್ ಇದ್ದಿದ್ದರೆ ಅವರು ಬದುಕುತ್ತಿದ್ದರೇ? ಗೊತ್ತಿಲ್ಲ. ಬಹುಶಃ ಇಲ್ಲ. ಈ ಪಾಯಿಂಟನ್ನು ಎದುರಾಳಿಗೆ ಬಿಟ್ಟುಕೊಡುತ್ತೇನೆ. ಆದರೆ ಅವರು ಬಾಗಿಲ ಕಡೆ ನೋಡಿದಾಗ ಆ ಬಾಗಿಲಲ್ಲಿ ಹೆಂಡತಿ ಇರುತ್ತಿದ್ದರು. ಕುರ್ಲಾದ ಖೋಲಿಯಲ್ಲಿ ಕೂತು, ಸಾಯುತ್ತಿದ್ದ ಗಂಡನನ್ನು ರಾತ್ರಿಯಿಡೀ ಬೈಯುತ್ತಿರಲಿಲ್ಲ.

ಆಮೇಲೆ ಆಫೀಸಿನಲ್ಲಿ ಪರಿಶೀಲನೆಯ ಮೀಟಿಂಗ್ ನಡೆಯಿತು. ಕಾರಣ: ಸರ್ವರ್ ಮೇಲೆ ಅತಿಯಾದ ಲೋಡ್. ಪರಿಹಾರ: ಇನ್ನೂ ದೊಡ್ಡ ಸರ್ವರ್. ಊರಿನ ಇಂಡೆಕ್ಸ್? ಮುಂದೆ ನೋಡೋಣ. ‘ದಾಖಲೆ ಇಲ್ಲ’ ಎನ್ನುವ ಸಾಲನ್ನಾದರೂ ಬದಲಿಸೋಣವೇ? ಅದು ಬೇರೆ ಟೀಮಿನ ಕೆಲಸ.

ದೊಡ್ಡ ಸರ್ವರ್ ಬರುತ್ತದೆ. ಅದೇ ಬಾಗಿಲುಗಳನ್ನು ಸ್ವಲ್ಪ ಜೋರಾಗಿ ಬಡಿಯುತ್ತದೆ. ಜನ ಹೆಚ್ಚಾದ ದಿನ ಮತ್ತೆ ಅರ್ಧಕ್ಕೆ ಬಿಟ್ಟು ಬಂದು, ಮತ್ತೊಬ್ಬ ಹೆಂಗಸಿಗೆ ‘ಇಲ್ಲ’ ಅನ್ನುತ್ತದೆ. ನಾವು ಕ್ಯಾಂಟೀನಿನಲ್ಲಿ ಪಾಪ ಅನ್ನುತ್ತೇವೆ. ಇದರಲ್ಲಿ ಬದಲಾಗುವುದು ಏನಾದರೂ ಇದೆ ಅಂತ ನನಗೀಗ ಅನ್ನಿಸುತ್ತಿಲ್ಲ.

ಮೀಟಿಂಗ್ ಮುಗಿದು ಎಲ್ಲರೂ ಎದ್ದಾಗ ಶೆಟ್ರನ್ನು ಒಂದು ಮಾತು ಕೇಳಿದೆ. ಶೆಟ್ರು ಲ್ಯಾಪ್‌ಟಾಪ್ ಮುಚ್ಚಿ, ಚಾರ್ಜರ್ ಸುತ್ತಿಕೊಂಡು ಹೊರಗೆ ಹೋದರು. ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ.

ಶೆಟ್ರೇ, ಅವತ್ತು ಬೈಕುಲ್ಲಾದ ಗಲ್ಲಾದಲ್ಲಿದ್ದವರು ನಿಮ್ಮ ಅಪ್ಪನ ಹತ್ತಿರ ಊರು ಕೇಳುವ ಬದಲು ಅಣ್ಣನ ಎಂಪ್ಲಾಯಿ ನಂಬರ್ ಕೇಳಿದ್ದರೆ?