ಹದಿನಾರನೇ ವೈರು

ಹಂಪಾಪುರದ ದೇವಯ್ಯನ ಮಗಳು ಸಂಘಮಿತ್ರಳಿಗೆ ಮೂವತ್ತೆರಡು ವರ್ಷ. ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಅವಳದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಎಚ್.ಡಿ. ಕೋಟೆಯಿಂದ ಕೆ.ಆರ್. ನಗರದವರೆಗೆ ಸ್ಕೂಟರಿನಲ್ಲಿ ತಿರುಗಿ ಶಾಲೆ, ಸೊಸೈಟಿ, ನರ್ಸಿಂಗ್ ಹೋಮುಗಳ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಳು. ಬೇರೆಯವರು ವೈರು ಎಳೆದು ಹೊರಟುಬಿಡುತ್ತಿದ್ದರು. ಅವಳು ಮಾತ್ರ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬಿಡಿಸಿ ಇಡುತ್ತಿದ್ದಳು. ಯಾವ ವೈರು ಯಾವ ಕೋಣೆಗೆ ಹೋಗುತ್ತದೆ, ತುದಿಯಲ್ಲಿ ಏನಿದೆ, ಯಾವತ್ತು ಹಾಕಿದ್ದು, ನಕ್ಷೆಯ ಮೇಲೆ ಒತ್ತಿದರೆ ಎಲ್ಲ ತೆರೆದುಕೊಳ್ಳಬೇಕು. ಗುರುತಿಲ್ಲದ ವೈರು ಒಂದಿದ್ದರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕಳೆದ ವರ್ಷ ಊರಾಚೆಯ ಒಂದು ಗಾರ್ಮೆಂಟ್ಸಿನ ಮ್ಯಾನೇಜರ್ ಶರತ್ ಅವಳನ್ನು ಕರೆಸಿದ. ಬಟ್ಟೆ ಕೊಳ್ಳುವ ವಿದೇಶದ ಕಂಪನಿಯವರು ಕಾರ್ಖಾನೆಯ ನೆಟ್‌ವರ್ಕ್ ನಕ್ಷೆ ಕೇಳಿದ್ದರು. ಎರಡು ದಿನ ಕೆಲಸ ಸಲೀಸಾಗಿ ನಡೆಯಿತು. ಮೂರನೆಯ ದಿನ ಮೇಲ್ಮಹಡಿಯಲ್ಲಿ ವೈರುಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಮುಂದೆ ಕೂತು ಎಣಿಸಿದಳು. ಹದಿನಾರು. ಹದಿನೈದರ ತುದಿ ಸಿಕ್ಕಿತ್ತು. ಹದಿನಾರನೆಯದರ ಹಸಿರು ದೀಪ ಒಂದೇ ಸಮನೆ ಮಿನುಗುತ್ತಿತ್ತು.

"ಇದೆಲ್ಲಿಗೆ ಹೋಗುತ್ತೆ ಸಾರ್?"

ಶರತ್ ತಿರುಗಿಯೂ ನೋಡಲಿಲ್ಲ. "ಹಳೇ ವೈರು ಮೇಡಂ. ಯಾವತ್ತೋ ಸತ್ತೋಗಿದೆ, ಬಿಡಿ."

"ಸತ್ತಿದ್ರೆ ಲೈಟ್ ಯಾಕೆ ಹೊಡೀತಾ ಇದೆ?"

"ಬಿಡಿ ಅಂದ್ನಲ್ಲ," ಅಂದ. ನಗುತ್ತಲೇ ಅಂದ, ಆದರೆ ಕಣ್ಣು ನಗಲಿಲ್ಲ.

ಅವಳು ಬಿಡಲಿಲ್ಲ. ನಕ್ಷೆಯಲ್ಲಿ ಹದಿನಾರನೆಯ ಗೆರೆ ಎಳೆದು, ಅದರ ತುದಿಗೊಂದು ಖಾಲಿ ಚೌಕ ಹಾಕಿ, ಒಳಗೆ ಪ್ರಶ್ನೆ ಚಿಹ್ನೆ ಇಟ್ಟಳು. ಈ ಸಲ ಫೈಲು ಅವಳ ಲ್ಯಾಪ್‌ಟಾಪಿನಲ್ಲಲ್ಲ, ಕಾರ್ಖಾನೆಯ ಆಫೀಸಿನ ಕಂಪ್ಯೂಟರಿನಲ್ಲೇ ಇತ್ತು. ಮಾರನೆಯ ಬೆಳಿಗ್ಗೆ ತೆರೆದರೆ ಚೌಕವೂ ಇಲ್ಲ, ಗೆರೆಯೂ ಇಲ್ಲ.

ತಾನೇ ಸೇವ್ ಮಾಡುವುದನ್ನು ಮರೆತೆನೇನೋ ಅಂದುಕೊಂಡಳು. ಆದರೆ ಆ ತಂತ್ರಾಂಶದಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದೆಲ್ಲ ದಾಖಲಾಗುತ್ತಿತ್ತು. ಹಿಂದಿನ ಸಂಜೆ ಆರೂವರೆಗೆ, ಶರತ್‌ನ ಲಾಗಿನ್ನಿನಿಂದ ಅಳಿಸಲಾಗಿತ್ತು. ಹಳೆಯ ನಕ್ಷೆಯನ್ನೂ ಆ ದಾಖಲೆಯನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡು ಸದ್ದಿಲ್ಲದೆ ಮೇಲೆ ಹೋದಳು.

ವೈರಿನ ಜಾಡು ಹಿಡಿಯಲು ಅವಳ ಹತ್ತಿರ ಒಂದು ಪುಟ್ಟ ಯಂತ್ರವಿತ್ತು. ಹದಿನಾರನೆಯ ವೈರನ್ನು ಸ್ವಿಚ್ಚಿನಿಂದ ಕಿತ್ತು ಅದಕ್ಕೆ ಸಿಕ್ಕಿಸಿ, ಕಡ್ಡಿಯಂಥ ಇನ್ನೊಂದು ಭಾಗವನ್ನು ಗೋಡೆಗೆ ಹಿಡಿದು ನಡೆದಳು. ವೈರು ಹತ್ತಿರವಿದ್ದಾಗ ಅದು ಕುಂಯ್‌ಗುಡುತ್ತದೆ. ದಾರದ ಉಗ್ರಾಣ ದಾಟಿತು, ನೀರಿನ ಡ್ರಮ್ಮು ದಾಟಿತು. ಸದ್ದು ಜೋರಾಗುತ್ತ ಜೋರಾಗುತ್ತ, ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಬಂದು ನಿಂತಿತು.

ಒಳಗೆ ಪುಟ್ಟತಾಯಮ್ಮ ಕೆಲಸದ ಕೋಟು ಹಾಕಿಕೊಳ್ಳುತ್ತಿದ್ದಳು. ಕಂಪಲಾಪುರದವಳು, ಹನ್ನೊಂದು ವರ್ಷದಿಂದ ಅಲ್ಲೇ ಹೊಲಿಗೆ.

"ಅಕ್ಕಾ, ಆ ಸೂರಲ್ಲಿರೋ ಬಿಳಿ ಡಬ್ಬಿ ಏನು?"

"ಬೆಂಕಿ ಬಿದ್ರೆ ಕೂಗ್ಕೊಳ್ಳದು ಕಣವ್ವ. ಓದ್ ವರ್ಸ ಮ್ಯಾನೇಜರ್ರೇ ನಿಂತ್ಕೊಂಡು ಆಕ್ಸುದ್ರು."

"ಬೇರೆ ಕಡೆ ಎಲ್ಲಾದ್ರೂ ಇದೆಯಾ?"

ಪುಟ್ಟತಾಯಮ್ಮ ಯೋಚಿಸಿದಳು. ಯೋಚಿಸುತ್ತ ಅವಳ ಕೈ ಕೋಟಿನ ಗುಂಡಿಯ ಮೇಲೇ ನಿಂತುಬಿಟ್ಟಿತು. "ಇಲ್ಲ ಕಣವ್ವ. ಇಲ್ಲೊಂದೇಯ."

ಸ್ಟೂಲು ಎಳೆದು ಸಂಘಮಿತ್ರ ಮೇಲೆ ಹತ್ತಿ ಡಬ್ಬಿಯ ಮುಚ್ಚಳ ತಿರುಗಿಸಿದಳು. ಒಳಗೆ ಮೆಣಸಿನ ಕಾಳಿನಷ್ಟು ಕಪ್ಪು ಗಾಜು, ಕ್ಯಾಮೆರಾದ ಕಣ್ಣು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಹೆಜ್ಜೆ ಕೇಳಿಸಿತು. ವೈರು ಕಿತ್ತಾಗಲೇ ಎಲ್ಲೋ ಚಿತ್ರ ಕಪ್ಪಾಗಿರಬೇಕು, ಯಾರೋ ಕಂಡಿರಬೇಕು.

ಬಾಗಿಲಲ್ಲಿ ಶರತ್. ಏದುಸಿರು. "ಇಳೀರಿ ಕೆಳಕ್ಕೆ. ಆ ಡಬ್ಬಿ ಈ ಕಡೆ ಕೊಡಿ."

ಸಂಘಮಿತ್ರ ಡಬ್ಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕೊಡಲಿಲ್ಲ. ಪುಟ್ಟತಾಯಮ್ಮ ಒಮ್ಮೆ ಡಬ್ಬಿ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. "ಬನ್ರೇ! ಎಲ್ರೂ ಬನ್ರೇ ಇಲ್ಲಿ!" ಎಂದು ಅವಳು ಕೂಗಿದ ಕೂಗಿಗೆ ಹೊಲಿಗೆ ಮಿಷನ್ನುಗಳು ಒಂದೊಂದಾಗಿ ನಿಂತವು. ಇನ್ನೂರು ಹೆಂಗಸರು ದಾರಿ ತುಂಬಿದರು. ಶರತ್‌ಗೆ ಹೊರಗೆ ಹೋಗಲು ಜಾಗವೇ ಉಳಿಯಲಿಲ್ಲ.

ಪೊಲೀಸರು ಬಂದರು. ನಕ್ಷೆಯೂ ಅಳಿಸಿದ ದಾಖಲೆಯೂ ಇದ್ದದ್ದರಿಂದ ಅವನ ಸುಳ್ಳು ನಡೆಯಲಿಲ್ಲ. ಅವನನ್ನು ಜೀಪಿಗೆ ಹತ್ತಿಸಿದರು. ಆದರೆ ಅವನ ಕಂಪ್ಯೂಟರು ಬಿಚ್ಚಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಆ ಚಿತ್ರಗಳು ಅವನಲ್ಲಿಗೆ ಬಂದು ನಿಂತಿರಲಿಲ್ಲ. ವರ್ಷದಿಂದ ದಿನವೂ ಅಲ್ಲಿಂದ ಹೊರಗೆಲ್ಲಿಗೋ ಹೋಗುತ್ತಿದ್ದವು. ಇಂಟರ್ನೆಟ್ಟಿನಲ್ಲಿ ಅಂಕಿಗಳ ವಿಳಾಸವೊಂದು ಸಿಕ್ಕಿತು, ಅದರಾಚೆ ಮನುಷ್ಯರು ಸಿಗಲಿಲ್ಲ.

ಆಮೇಲೆ ಸಂಘಮಿತ್ರಳಿಗೆ ಕೆಲಸ ಕಡಿಮೆಯಾಯಿತು. ಪಿರಿಯಾಪಟ್ಟಣದ ಒಬ್ಬ ಸಾಹುಕಾರ ನೇರವಾಗಿಯೇ ಹೇಳಿದ: "ವೈರ್ ಸರಿ ಮಾಡಮ್ಮ, ಸಾಕು. ನಕ್ಷೆಗಿಕ್ಷೆ ನಮಗೆ ಬೇಡ." ಅವಳು ಟೂಲ್ ಬ್ಯಾಗು ಎತ್ತಿಕೊಂಡು ವಾಪಸು ಬಂದಳು.

ಪುಟ್ಟತಾಯಮ್ಮ ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಅವಳ ಜೊತೆ ಹೊಲಿಯುತ್ತಿದ್ದ ಮಂಗಳಮ್ಮನ ಮಗಳಿಗೆ ಗಂಡು ಗೊತ್ತಾಗಿದೆ. ಆ ಹುಡುಗಿಯೂ ಅದೇ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದವಳು.

"ಎಲ್ಲಿಗೋಯ್ತು ಅಂತ ತಿಳೀತೇನವ್ವ?"

"ಇನ್ನೂ ಇಲ್ಲ ಅಕ್ಕಾ."

"ಯಾರ್ ನೋಡವ್ರೋ, ಎಲ್ ಕುಂತು ನೋಡ್ತಾವ್ರೋ," ಎಂದು ಅವಳು ಫೋನು ಇಡುತ್ತಾಳೆ.