ಮಗರಪಟ್ಟಾದ ನಗೆಕೂಟದಲ್ಲಿ ನಾನು

ಪುಣೆಯ ಮಗರಪಟ್ಟಾಕ್ಕೆ ಬಂದ ಹೊಸದರಲ್ಲಿ ಒಂದು ಮುಂಜಾನೆ ಬಾಲ್ಕನಿಯಿಂದ ನೋಡಿದೆ. ಕೆಳಗಿನ ಉದ್ಯಾನದಲ್ಲಿ ವಯಸ್ಸಾದವರೆಲ್ಲ ಸಾಲಾಗಿ ನಿಂತು, ಆಕಾಶಕ್ಕೆ ಕೈಯೆತ್ತಿ, ಯಾರೂ ಏನೂ ಹೇಳದೆ ಇದ್ದಕ್ಕಿದ್ದಂತೆ ಹೋ ಹೋ ಎಂದು ನಗತೊಡಗಿದರು. ನನಗೆ ಹೆದರಿಕೆಯಾಯಿತು.

"ಹಾಸ್ಯಕ್ಲಬ್ ಅದು. ಮನಸ್ಸು ಹಗುರ ಆಗ್ತದಂತ. ನೀನೂ ಹೋಗಿ ಬಾ," ಎಂದ ಗಂಡ.

ಅವನು ಸುಮ್ಮನೆ ಹೇಳಿರಲಿಲ್ಲ. ಬ್ಯಾಂಕಿನಲ್ಲಿ ಅವನಿಗೆ ಬಡ್ತಿ ಸಿಕ್ಕಿತೆಂದು ನಾನು ಧಾರವಾಡದ ಶಾಲೆಯ ನೌಕರಿ ಬಿಟ್ಟು ಇಲ್ಲಿಗೆ ಬಂದಾಗಿನಿಂದ ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸವಾಗಿತ್ತು. ಅಲ್ಲಿ ಬೇಸರವಾದರೆ ಚಪ್ಪಲಿ ಮೆಟ್ಟಿ ಯಾರ ಮನೆಗಾದರೂ ನುಗ್ಗಬಹುದು. ಇಲ್ಲಿ ಎದುರು ಮನೆಗೂ ಫೋನ್ ಮಾಡಿ ಹೋಗಬೇಕು. ತಂಗಿ ದಿನಾ ಫೋನಿನಲ್ಲಿ ಉಪಾಯ ಹೇಳುತ್ತಿದ್ದಳು: ಬಿಸಿಲಿಗೆ ಕೂಡು, ಗಿಡ ಹಚ್ಚು, ಹಾಡು. ಎಲ್ಲ ಮಾಡಿದೆ. ತುಳಸಿ ಚಿಗುರಿತು, ನಾನು ಚಿಗುರಲಿಲ್ಲ.

"ದೀಪಾವಳಿತನಕಾ ನೋಡೂಣು. ಆರಾಮ ಆಗಲಿಲ್ಲಂದ್ರ ನೀ ತವರಿಗೆ ಹೋಗಿ ಇರು," ಎಂದ ಗಂಡ. ತವರು ಇದೆಯಲ್ಲ ಎಂಬ ಒಂದೇ ಧೈರ್ಯದಲ್ಲಿ ದಿನ ದೂಡುತ್ತಿದ್ದೆ.

ಕೊನೆಗೆ ನಗೆಕೂಟಕ್ಕೂ ಹೋದೆ. ಅದನ್ನು ನಡೆಸುವವರು ಒಬ್ಬ ಕಾಕೂ. ಇಲ್ಲಿ ಹಿರಿಯ ಹೆಂಗಸರನ್ನೆಲ್ಲ ಹಾಗೆ ಕರೆಯುತ್ತಾರೆ, ನಮ್ಮ ಕಾಕಿ ಇದ್ದಂತೆ. ಅವರು ಚಪ್ಪಾಳೆ ತಟ್ಟಿದರು. ಕೈಯೆತ್ತಿ ಹೋ ಎಂದೆ. ಮತ್ತೊಂದು ಹೋ ಹೊರಡುವಷ್ಟರಲ್ಲಿ ಎದೆಯೊಳಗಿನದೆಲ್ಲ ಕಿತ್ತು ಬಂದು ಅಳತೊಡಗಿದೆ. ಭುಜ ಕುಲುಕುತ್ತಿತ್ತು, ಮುಖವೆಲ್ಲ ನೀರು. ಸುತ್ತಲಿನವರು ನನ್ನನ್ನು ನೋಡಿ ಇನ್ನೂ ಜೋರಾಗಿ ನಕ್ಕರು.

"ಛಾನ್ ಹಸಲೀಸ್ ಗ! ಉದ್ಯಾ ಪುಢೇ ಉಭೀ ರಾಹಾ," ಎಂದು ಕಾಕೂ ಬೆನ್ನು ತಟ್ಟಿದರು. ಚೆಂದ ನಕ್ಕೆ ನೀನು, ನಾಳೆ ಮುಂದೆ ನಿಲ್ಲು ಎಂದು. ಅವರ ತಪ್ಪಲ್ಲ, ಹೊಟ್ಟೆ ಹುಣ್ಣಾಗುವಂತೆ ನಕ್ಕವರಿಗೂ ಕಣ್ಣೀರು ಬರುತ್ತದೆ. ಮರುದಿನ ಮುಂದಿನ ಸಾಲಿನಲ್ಲಿ ನಿಂತು ಅತ್ತೆ. ಆಮೇಲೆ ದಿನಾ ಹೋಗತೊಡಗಿದೆ. ಅತ್ತು ಬಂದ ಮೇಲೆ ಒಂದಿಷ್ಟು ಅಡುಗೆಯಾದರೂ ಮಾಡಲು ಆಗುತ್ತಿತ್ತು.

ಆದರೂ ದೀಪಾವಳಿಗೆ ಧಾರವಾಡದ ತವರಿಗೆ ಹೋದಾಗ ಅಲ್ಲೇ ಉಳಿಯುವ ಮನಸ್ಸಿನಿಂದ ಬಟ್ಟೆಯನ್ನೆಲ್ಲ ಒಯ್ದಿದ್ದೆ. ಓಣಿ, ಕಟ್ಟೆ, ಚಹಾ ಎಲ್ಲ ಇದ್ದವು. ಬೆಳಿಗ್ಗೆ ಏಳಗೊಡದ ಆ ಭಾರವೂ ಅಲ್ಲೇ, ನನ್ನ ಹಳೆಯ ಹಾಸಿಗೆಯ ಮೇಲೆ ಕೂತಿತ್ತು. ಇಷ್ಟು ದಿನ ಪುಣೆಯನ್ನು ಬೈದದ್ದೆಲ್ಲ ದಂಡ. ಎಲ್ಲಿಗೆ ಹೋಗಲಿ ಇನ್ನು?

ತಂಗಿಯ ಒತ್ತಾಯಕ್ಕೆ ಅಂಗಳದಲ್ಲಿ ಕೈಯೆತ್ತಿ ಪುಣೆಯ ನಗೆ ನಕ್ಕು ತೋರಿಸಿದೆ. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ತಂಗಿ ಬಿದ್ದು ಬಿದ್ದು ನಕ್ಕಳು. ಅವ್ವ ಮಾತ್ರ ಕಡಲೆಹಿಟ್ಟಿನ ಕೈಯಲ್ಲೇ ಒಳಗಿನಿಂದ ಓಡಿ ಬಂದಳು.

"ಯಾಕವಾ, ಯಾಕ ಅಳಲಿಕ್ಕತ್ತಿ?"

"ನಗಲಿಕ್ಕತ್ತೀನಿ, ಅವ್ವಾ."

"ನನ್ನ ಮುಂದ ಸುಳ್ಳು ಹೇಳಬ್ಯಾಡ."

ಅಂದು ಅವ್ವ ಉಣ್ಣಲಿಲ್ಲ. ಹಬ್ಬ ಮುಗಿಯುವವರೆಗೂ ನನ್ನ ಹಿಂದೆಯೇ ಸುತ್ತುತ್ತ ಮುಖ ನೋಡುತ್ತಿದ್ದಳು. ಆ ನೋಟ ತಾಳಲಾರದೆ ಪುಣೆಯ ಬಸ್ಸು ಹತ್ತಿದೆ.

ಇಲ್ಲಿ ಹೇಗೋ ಇರಬಹುದು, ನಾನು ಅತ್ತದ್ದು ಯಾರಿಗೂ ತಿಳಿಯುವುದಿಲ್ಲ. ನಿನ್ನ ಊರು ಯಾವುದೆಂದು ಕಾಕೂ ಕೇಳಿದರೆ ಈಗಲೂ ಧಾರವಾಡ ಎನ್ನುತ್ತೇನೆ. ಅಲ್ಲಿಗೆ ಹೋಗುವ ಧೈರ್ಯ ಮಾತ್ರ ಇಲ್ಲ.